ಬಾನೆಟ್ಟಿನ ಮೇಲಿನ ನೆಗ್ಗು

ನಮ್ಮ ಅತ್ತೆಯ ಸೆರಗಿನ ತುದಿ ಬೆಳಗಿನ ಹೊತ್ತು ಯಾವಾಗಲೂ ಒದ್ದೆಯಾಗಿರುತ್ತಿತ್ತು. ಬೆಳಕು ಹರಿಯುವ ಮೊದಲೇ ಬೀದಿ ಸುತ್ತಿ, ಇಬ್ಬನಿ ಕೂತ ಹೂಗಳನ್ನು ಆ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಯಾರದೋ ಕಾಂಪೌಂಡಿನ ದಾಸವಾಳ, ಯಾರದೋ ಕಣಗಿಲೆ. ಕೇಳಿ ಕೀಳಬಾರದೇ ಎಂದರೆ, "ಕೇಳಿ ತಂದ್ರೆ ಅರ್ಧ ಪುಣ್ಯ ಗಿಡದೋರಿಗೆ ಹೋಗತ್ತೆ ಮಾರಾಯ್ತಿ" ಎನ್ನುತ್ತಿದ್ದರು.

ಹೂವಿನ ವಿಷಯ ಬಿಟ್ಟರೆ ಬಹಳ ಬಿಗಿ. ಪಕ್ಕದ ಮನೆಯಿಂದ ಒಂದು ಎಸಳು ಕರಿಬೇವನ್ನೂ ಕೇಳಿದವರಲ್ಲ. ಯಾರೆದುರೂ ತಲೆ ತಗ್ಗಿಸಿದವರಲ್ಲ. ಮಂಡಿನೋವು ಮಾತ್ರ ಜೋರಾಗಿತ್ತು. ಮನೆಯಲ್ಲಿ ಸ್ಟೂಲು ಹತ್ತಲೂ ನಾವು ಬಿಡುತ್ತಿರಲಿಲ್ಲ.

ನನ್ನ ಕೆಲಸ ಭದ್ರಾವತಿ ಓಲ್ಡ್ ಟೌನಿನ ಒಂದು ಶಾಲೆಯಲ್ಲಿ. ರಾಗಿಗುಡ್ಡದ ನಮ್ಮ ಮನೆಯಿಂದ ಆ ಪಕ್ಕದೂರಿಗೆ ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿ ಕಾರು ಕಲಿತಿದ್ದೆ. ಒಬ್ಬಳೇ ಹೋಗಿಬರುವ ಧೈರ್ಯ ಆಗಷ್ಟೇ ಬಂದಿತ್ತು. ಒಂದು ಭಾನುವಾರ ಕಾರು ಒರೆಸುತ್ತಿದ್ದ ನನ್ನ ಗಂಡ ಕೂಗಿ ಕರೆದರು. ಬಾನೆಟ್ಟಿನ ಮೇಲೆ ಅಂಗೈಯಗಲದ ನೆಗ್ಗು.

"ಓಲ್ಡ್ ಟೌನ್ ಸಂದೀಲಿ ಎಲ್ಲಿ ಗುದ್ದಿಸ್ಕೊಂಡು ಬಂದೆ?"

"ನಾನೆಲ್ಲೂ ಗುದ್ದಿಲ್ಲ. ಬಂಪರಿಗೆ ಒಂದು ಗೀರಿಲ್ಲ, ಪೇಂಟೂ ಎದ್ದಿಲ್ಲ. ಮೇಲಿಂದ ಒತ್ತಿದ ಹಾಗಿದೆ, ನೋಡಿ."

"ಮೇಲಿಂದ? ಸಕ್ರೆಬೈಲು ಕ್ಯಾಂಪಿನ ಆನೆ ಬಂದು ಕೂತಿತ್ತಾ?"

ಕೀಲಿ ಅವರ ಜೇಬಿಗೆ ಹೋಯಿತು. ನಾಳೆಯಿಂದ ಬಸ್ಸೇ ಅಂದರು. ಬಸ್ಸಿಗಿಂತ, ನನ್ನ ಮಾತು ನಂಬಲಿಲ್ಲವಲ್ಲ ಎಂಬುದು ಚುಚ್ಚಿತು. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದರು. ಮಧ್ಯಾಹ್ನ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಸಂಜೆ ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ನೆಗ್ಗು ನೋಡಲು ಬಂದರು. ನಮ್ಮ ಕಾರು ನಿಲ್ಲುತ್ತಿದ್ದುದು ಅವರ ಗೋಡೆಯ ಪಕ್ಕ, ಅವರ ಸಂಪಿಗೆ ಮರದ ಕೆಳಗೆ. ಸಂಪಿಗೆ ಕದಿಯುವವರನ್ನು ಅವರು ದಿನಾ ಬೈಯುತ್ತಿದ್ದರು. "ಹೌದು ಮೇಷ್ಟ್ರೇ, ಕಾಲ ಕೆಟ್ಟೋಯ್ತು" ಎಂದು ಅತ್ತೆಯೂ ದನಿಗೂಡಿಸುತ್ತಿದ್ದರು. ಅವತ್ತು ನನ್ನ ಗಂಡ ಮೇಷ್ಟ್ರಿಗೂ ಹೇಳಿದರು: "ಇವಳ ಕೈಗೆ ಗಾಡಿ ಕೊಡಬಾರದಿತ್ತು, ಸಾರ್."

ಅತ್ತೆ ಒಳಗಿಂದ ಬಂದರು. ಸೀರೆ ಸ್ವಲ್ಪ ಎತ್ತಿ ಸಿಕ್ಕಿಸಿ, ಗೋಡೆ ಹಿಡಿದು, ಬಲಮಂಡಿಯನ್ನು ಬಾನೆಟ್ಟಿನ ಮೇಲೆ ಊರಿದರು. ನೆಗ್ಗಿನಲ್ಲಿ ಅದು ಸರಿಯಾಗಿ ಕೂತಿತು.

"ನೋಡೋ, ಅಳತೆ ಸರಿ ಇದ್ಯಾ?"

"ಅಮ್ಮಾ, ಇಳಿ! ಮಂಡಿ ಏನಾಗ್ಬೇಕು?"

"ಇಳೀತೀನಿ. ಮೊದ್ಲು ಅವಳ ಕೀಲಿ ಅವಳಿಗೆ ಕೊಡು." ಆಮೇಲೆ ಮೇಷ್ಟ್ರ ಕಡೆ ತಿರುಗಿದರು. "ಸಂಪಿಗೆ ಕಳ್ಳಿ ನಾನೇ ಮೇಷ್ಟ್ರೇ. ಬೈಯೋದಿದ್ರೆ ಈಗ್ಲೇ ಬೈದ್ಬಿಡಿ, ನಂಗೆ ಇಳಿಯೋಕೆ ಹೆಂಗೂ ಹೊತ್ತಾಗತ್ತೆ."

ಮೇಷ್ಟ್ರು ಮುಂದೆ ಬಂದರು. ಕೈ ಕೊಟ್ಟು ಇಳಿಸಿದವರೂ ಅವರೇ.

ಒಳಗೆ ಬಂದ ಅತ್ತೆ ಗೋಡೆಗೊರಗಿ ಕೂತು ಮಂಡಿ ನೀವಿಕೊಂಡರು. ಅಷ್ಟು ವರ್ಷ ಕಾಪಾಡಿಕೊಂಡ ಮರ್ಯಾದೆಯನ್ನು ನನಗೋಸ್ಕರ ಬೀದಿಯಲ್ಲಿ ಬಿಟ್ಟುಬಂದಿದ್ದರು. ನಾನು ಏನೋ ಹೇಳಹೊರಟೆ. "ಮಾಡದೇ ಇದ್ದದ್ದಕ್ಕೆ ನೀನ್ಯಾಕೆ ಬೈಸ್ಕೋಬೇಕು? ಹೋಗು, ಕಾಫಿ ಮಾಡು" ಎಂದರು.

ಅಲ್ಲಿಂದ ಮುಂದೆ ಭಾನುವಾರ ನಾವಿಬ್ಬರೇ ಎಲ್ಲಿಗಾದರೂ ಹೋಗುತ್ತಿದ್ದೆವು. ಕೆಲವೊಮ್ಮೆ ಭದ್ರಾವತಿಯಲ್ಲಿದ್ದ ಅವರ ತಂಗಿಯ ಮನೆಗೆ, ಕೆಲವೊಮ್ಮೆ ಸುಮ್ಮನೆ ಹೊಳೆಯವರೆಗೆ. ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಲಾರಿ ಎದುರು ಬಂದರೆ ನನಗಿಂತ ಮೊದಲು ಅವರೇ ಲಾರಿಯವನಿಗೆ ಬೈಯುತ್ತಿದ್ದರು.

ಹೋದ ಆಷಾಢದಲ್ಲಿ ಅತ್ತೆ ತೀರಿಕೊಂಡರು. ಕೊನೆಯ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ನಾನೇ. ಆ ದಾರಿಯಲ್ಲಿ ಅವರು ಯಾರಿಗೂ ಬೈಯಲಿಲ್ಲ.

ಈಗಲೂ ಕೆಲವು ಭಾನುವಾರ ತಿಂಡಿ ಮುಗಿಸಿ ಕೀಲಿ ತೆಗೆದುಕೊಂಡು ಹೊರಗೆ ಬರುತ್ತೇನೆ. ಅವರು ಬರಲಿ ಎಂದು ಆ ಕಡೆಯ ಬಾಗಿಲು ತೆಗೆದು ನಿಲ್ಲುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ನಾನೇ ಮುಚ್ಚುತ್ತೇನೆ.