ಬನ್ನಿಗಿಡದ ಬುಡದ ಬೆಳವಕ್ಕಿಗಳು

ದೊಡ್ಡವ್ವಾ, ನಮ್ಮ ಬನ್ನಿಗಿಡದ ಬುಡದಲ್ಲಿ ಸತ್ತುಬಿದ್ದಿದ್ದ ಬೆಳವಕ್ಕಿಗಳನ್ನು ಕೊಂದವನು ನಾನು. ಏಳು ವರ್ಷ ಅದನ್ನು ಚಳಿಯ ತಲೆಗೆ ಕಟ್ಟಿ ತಿರುಗಿದ್ದೇನೆ — ಥೂ ನನ್ನ ಬಾಳಿಗೆ!

ಆ ವರ್ಷದ ಥಂಡಿ ನಿನಗೆ ನೆನಪಿದೆ. ಕಮತಗಿ ದಾರಿಯ ನಮ್ಮ ಹೊಲದಲ್ಲಿ ಕಡಲೆಯ ಹೂವು ಕಾಯಿ ಹಿಡಿಯದೆ ಉದುರಿತು. ಹಕ್ಕಿಗಳು ಹೊತ್ತೇರುವ ತನಕ ಮೈ ಉಬ್ಬಿಸಿಕೊಂಡು ಕೂತಿದ್ದು, ಆಮೇಲೆ ಕಂಡ ಕಾಳಿಗೆಲ್ಲ ಮುಗಿಬೀಳುತ್ತಿದ್ದವು. ಉಳಿದ ನಾಲ್ಕು ಕಾಯಿಗೂ ಇಲಿ ಬಿದ್ದಾಗ ನನಗೆ ಸಿಟ್ಟು ನೆತ್ತಿಗೇರಿತು. ಜೋಳಕ್ಕೆ ಇಲಿಪಾಷಾಣ ಕಲಸಿದೆ. ಬಿಲದೊಳಗಿಟ್ಟು ಮಣ್ಣು ಮೆತ್ತಬೇಕು — ನೀನೇ ಕಲಿಸಿದ್ದೆ. ಬೆರಳು ಸೆಟೆದಿದ್ದವು, ಬೇಸರ ಬಂತು, ಬಿಲದ ಬಾಯಲ್ಲೇ ಚೆಲ್ಲಿ ಬಂದೆ. ಅದೂ ಎಲ್ಲಿ? ಎಳ್ಳಮಾಸೆಗೆ ನೀನು ವರ್ಷವರ್ಷವೂ ಚರಗ ಚೆಲ್ಲಿ, ಆ ಎಡೆಯನ್ನು ಭೂಮಿತಾಯಿಗೆ ಉಣಿಸಿ, ಹಕ್ಕಿಗಳಿಗೂ ರೂಢಿ ಹಿಡಿಸಿದ ಅದೇ ಬನ್ನಿಗಿಡದ ಬುಡದಲ್ಲಿ.

ಮರುದಿನವೇ ಎಳ್ಳಮಾಸೆ. ಥಂಡಿಗೆ ಮೊಣಕಾಲು ಹಿಡಿದು, ನೀನು ಬಿಸಿಲೇರಿದ ಮೇಲೆ ಬುಟ್ಟಿ ಹೊತ್ತು ಬಂದೆ. ಆ ಜೋಳ ತಿಂದು ಬುಡದಲ್ಲಿ ಬಿದ್ದಿದ್ದ ಬೆಳವಕ್ಕಿಗಳಲ್ಲಿ ಒಂದಕ್ಕೆ ಇನ್ನೂ ಜೀವವಿತ್ತು. ನೀನು ಅದನ್ನು ಸೆರಗಿನಲ್ಲಿ ಸುತ್ತಿಕೊಂಡೆ.

“ಏನಾಗೈತೋ ಇವಕ್ಕ?”

“ಥಂಡಿ, ದೊಡ್ಡವ್ವಾ. ಥಂಡಿಗಿ ಸೆಟದಾವ.”

“ಮತ್ತ ಕಂಬ ನಿಂತಂಗ ನಿಂತೀಯಲ್ಲೋ! ಬೆಂಕಿ ಹಚ್ಚು ಲಗೂನ!”

ಹಚ್ಚಿದೆ. ತೊಗರಿಕಟ್ಟಿಗೆ ಮುರಿದು ಮುರಿದು ಒಟ್ಟಿದೆ. ವಿಷವೆಂದು ಬಲ್ಲವನು ನಾನು — ಕೂತು ಬೆಂಕಿ ಊದಿದೆ! ನಿನ್ನ ಅಂಗೈಯಲ್ಲೇ ಅದು ಕತ್ತು ಚೆಲ್ಲಿತು.

“ನಸುಕಿನ್ಯಾಗ ಬಂದು ಚರಗಾ ಚೆಲ್ಲಿದ್ರ, ಹೊಟ್ಟಿ ತುಂಬಿ ತಡಕೋತಿದ್ದವು. ನಂದ ತಪ್ಪಪಾ,” ಅಂದೆ ನೀನು.

ಆಗಲಾದರೂ — ಇಲ್ಲ. ಉಳಿದ ಕಾಳಿನ ಮೇಲೆ ಕಾಲಿಂದ ಮಣ್ಣೆಳೆದೆ, ಅಷ್ಟೇ.

ಅಂದಿನಿಂದ ಥಂಡಿ ಬಿದ್ದ ಪ್ರತಿ ನಸುಕಿನಲ್ಲೂ ಕೋಲೂರಿ ಹೋಗಿ ಕಾಳು ಚೆಲ್ಲುತ್ತೀ, ಆ ಮೊಣಕಾಲಿನಲ್ಲಿ. “ಎಂಥಾ ಕರುಳ್ರಿ ಮುದುಕೀದು” ಎಂದು ಊರವರು ಅನ್ನುತ್ತಾರೆ, ನಾನೂ ತಲೆಯಾಡಿಸುತ್ತೇನೆ. ಬೆಂಕಿ ಹಾಕಬೇಕು ಆ ತಲೆಗೆ! ಅದು ಕರುಳಷ್ಟೇ ಅಲ್ಲ, ನಾನು ಹೊರಿಸಿದ ಪಾಪ — ನೀನು ಮಾಡದ್ದು.

ನಿನಗೆ ಓದಲು ಬಾರದು. ನಾಳೆ ನೀನು ಬುಟ್ಟಿ ಎತ್ತುವ ಮೊದಲೇ ಹೊಸ್ತಿಲಲ್ಲಿ ಕೂತು ಈ ಕಾಗದ ಓದಿ ಹೇಳುತ್ತೇನೆ. ಕೋಲು ನಿನ್ನ ಕೈಯಲ್ಲೇ ಇರುತ್ತದೆ — ಇರಲಿ. ನಾನು ಏಳುವುದಿಲ್ಲ.