ನನ್ನ ಬದಲಿಗೆ ಕೂತ ಅಕ್ಕಿ ಚೀಲ

ಮೊನ್ನೆ ಎಣ್ಣೆ ತರಲೆಂದು ನಮ್ಮ ಓಣಿಯ ಕಿರಾಣಿ ಅಂಗಡಿಗೆ ಹೋಗಿದ್ದೆ. ಹೊಸ ಅಕ್ಕಿ ಬಂದು ಇಳಿದಿತ್ತು. ತೌಡು ಮತ್ತು ಸೆಣಬಿನ ವಾಸನೆ ರಾಯಚೂರಿನ ಬಿಸಿಲಿನಲ್ಲಿ ರಸ್ತೆಯವರೆಗೂ ಹರಡಿತ್ತು. ಒಳಗೆ ಜಾಗ ಸಾಲದೆ ಅಂಗಡಿಯವರು ಒಂದು ಚೀಲವನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ್ದರು. ಮದುವೆ ಊಟ ಮುಗಿಸಿದವರ ಹಾಗೆ ಹೊಟ್ಟೆ ಮುಂದೆ ಬಿಟ್ಟು, ಒಂದು ಪಕ್ಕಕ್ಕೆ ವಾಲಿ ಅದು ಕೂತಿತ್ತು. ಯಾರಾದರೂ ನೋಡಿ ನಗಬಹುದಾದ ದೃಶ್ಯ. ನನಗೆ ಮಾತ್ರ ಕಿವಿ ಬಿಸಿಯಾಯಿತು.

ಯಾಕೆಂದು ಹೇಳುತ್ತೇನೆ. ನಾನು ಇಂಜಿನಿಯರಿಂಗ್ ಓದುತ್ತಿದ್ದಾಗ ಇಂಥದೇ ಒಂದು ಚೀಲ ನನ್ನ ಬದಲಿಗೆ ಗಾಡಿಯಲ್ಲಿ ಕೂತಿತ್ತು.

ಕಾಲೇಜಿನ ನಮ್ಮ ತಂಡ ಕಟ್ಟಿದ ಆ ಗಾಡಿಯನ್ನು ನಾವು ಬಗ್ಗಿ ಎನ್ನುತ್ತಿದ್ದೆವು. ಪೈಪುಗಳನ್ನು ಬೆಸೆದು ಮಾಡಿದ ಪಂಜರ, ನಾಲ್ಕು ದಪ್ಪ ಗಾಲಿ, ಹಿಂದೆ ಒಂದು ಇಂಜಿನ್, ನಡುವೆ ಒಬ್ಬರಿಗೆ ಸೀಟು. ರಸ್ತೆ ಇಲ್ಲದ ಕಡೆ ಓಡಿಸಲಿಕ್ಕೆಂದೇ ಮಾಡಿದ್ದು. ಬೇರೆ ಕಾಲೇಜುಗಳ ಜೊತೆ ಸ್ಪರ್ಧೆಯೂ ಇತ್ತು. ಮಾನ್ವಿಯಲ್ಲಿ ನನ್ನ ಸೋದರಮಾವನ ಅಕ್ಕಿ ಗಿರಣಿ ಇದ್ದುದರಿಂದ ಅದರ ಅಂಗಳವೇ ನಮ್ಮ ಕಾರ್ಖಾನೆಯಾಯಿತು. ನನ್ನನ್ನು ಮೊದಲು ಸೇರಿಸಿಕೊಂಡದ್ದು ಬರೆದಿಡುವ ಕೆಲಸಕ್ಕೆ. ನನಗೆ ದಿನಚರಿಯ ಚಟ. ಸಿರವಾರದ ಬಸ್ಸು ಎಷ್ಟು ತಡವಾಯಿತು, ಯಾವ ದಿನ ಕರೆಂಟು ಹೋಯಿತು, ಗಿರಣಿಯ ನಾಯಿ ಎಷ್ಟು ಮರಿ ಹಾಕಿತು, ಎಲ್ಲಕ್ಕೂ ತಾರೀಖು ಹಾಕಿ ಬರೆಯುತ್ತೇನೆ. ಆಮೇಲೆ ಮಾವನ ಟ್ರ್ಯಾಕ್ಟರನ್ನು ನಾನು ಕೆಸರಿನಲ್ಲಿ ತಿರುಗಿಸಿದ್ದನ್ನು ಕಂಡು ಹುಡುಗರೇ ನನ್ನನ್ನು ಡ್ರೈವರ್ ಮಾಡಿದರು. ಅಷ್ಟು ಹೆಮ್ಮೆಯ ಕೆಲಸ ನನಗೆ ಅದಕ್ಕಿಂತ ಮೊದಲು ಸಿಕ್ಕಿರಲಿಲ್ಲ. ಕೈ ತಪ್ಪಬಾರದೆಂದು ರಾತ್ರಿ ಮಲಗುವಾಗಲೂ ಅದೇ ಧ್ಯಾನ.

ನನ್ನ ಲೆಕ್ಕಗಳಲ್ಲಿ ಎಂದೂ ಬರದ ಅಂಕಿ ಒಂದಿತ್ತು. ಅದು ನನ್ನ ತೂಕ.

ಚಿಕ್ಕವಳಿದ್ದಾಗ ರಜೆಗೆ ಮಾನ್ವಿಗೆ ಹೋದರೆ ಮಾವ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಚೀಲ ತೂಗುವ ಕಾಟಾದ ಮೇಲೆ ಹತ್ತಿಸುತ್ತಿದ್ದರು. ಮಕ್ಕಳು ಮೈ ತುಂಬಿಕೊಂಡರೆ ಅವರಿಗೆ ತಮ್ಮ ಮನೆಯ ಊಟಕ್ಕೇ ಮರ್ಯಾದೆ ಸಿಕ್ಕಂತೆ. ಒಂದು ಸಲ ನಾನು ಹತ್ತಿದಾಗ ಗಿರಣಿಗೆಲ್ಲ ಕೇಳುವಂತೆ ಕೂಗಿದರು. "ನೋಡ್ರಲೇ, ನಮ್ಮ ಹುಡುಗಿ ಅರ್ಧ ಚೀಲ ದಾಟ್ಯಾಳ." ಹಮಾಲರು ಪ್ರೀತಿಯಿಂದಲೇ ನಕ್ಕರು. ಪ್ರೀತಿಯಿಂದ ನಕ್ಕರೂ ನಗು ನಗುವೇ. ಅಂದಿನಿಂದ ನಾನು ಯಾವ ಕಾಟಾವನ್ನೂ ಹತ್ತಲಿಲ್ಲ.

ಬಗ್ಗಿಯ ಕತೆಯಲ್ಲಿ ಈ ಮುಜುಗರ ಅಡ್ಡ ಬಂದದ್ದು ಶಾಕಪ್ ಹೊಂದಿಸುವಾಗ. ಪ್ರತಿ ಗಾಲಿಯ ಹತ್ತಿರ ಕುಲುಕಾಟ ತಡೆಯುವ ಒಂದು ಶಾಕಪ್, ಅದರ ಸುತ್ತ ಸ್ಪ್ರಿಂಗು, ಸ್ಪ್ರಿಂಗಿನ ಬುಡದಲ್ಲಿ ತಿರುಗಿಸುವ ಒಂದು ರಿಂಗು. ರಿಂಗು ಬಿಗಿ ಮಾಡಿದರೆ ಗಾಡಿ ಎತ್ತರ ನಿಲ್ಲುತ್ತದೆ, ಸಡಿಲ ಬಿಟ್ಟರೆ ಕುಸಿಯುತ್ತದೆ. ಅತಿ ಬಿಗಿಯಾದರೆ ಗಾಲಿ ನೆಲ ಬಿಟ್ಟು ಕುಣಿಯುತ್ತದೆ, ಅತಿ ಸಡಿಲವಾದರೆ ಗಾಡಿಯ ಹೊಟ್ಟೆ ಕಲ್ಲಿಗೆ ಬಡಿಯುತ್ತದೆ. ಸರಿಯಾದ ಬಿಗಿ ಗೊತ್ತಾಗಬೇಕಾದರೆ ಡ್ರೈವರನ್ನು ಕೂರಿಸಿ ಗಾಡಿ ಎಷ್ಟು ಇಳಿಯಿತು ಎಂದು ಟೇಪು ಹಿಡಿದು ಅಳೆಯಬೇಕು.

ಈ ಕೆಲಸ ಖಾಜಾನದು. ನನಗಿಂತ ಒಂದು ವರ್ಷ ಚಿಕ್ಕವನು, ನನ್ನನ್ನು ಅಕ್ಕಾ ಎನ್ನುತ್ತಿದ್ದ. ನನ್ನ ಓರಗೆಯವರೂ ಅಕ್ಕಾ ಎನ್ನುತ್ತಿದ್ದರು. ಅದಕ್ಕೆ ನನ್ನ ಗಾತ್ರವೇ ಕಾರಣವೆಂದು ನನಗೆ ಗುಮಾನಿ. ಖಾಜಾ ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾವನ್ನು ನೋಡುತ್ತ, ಅದಕ್ಕೇ ಹೇಳಿದಂತೆ, "ಡ್ರೈವರ್ ತೂಕ ಬೇಕಾಗ್ತದ" ಎಂದ. ನಮ್ಮ ತಂಡದ ಮುಖಂಡ ಶರಣು ಕೆಮ್ಮಿದ. ನಮ್ಮ ಕಡೆ ಗಂಡುಹುಡುಗರು ಹೆಣ್ಣುಮಗಳಿಗೆ ತೂಕ ಕೇಳುವುದಿಲ್ಲ, ಗಾಡಿಯಲ್ಲಿ ಕೂರಿಸಿ ಎಲ್ಲರೂ ಬಾಗಿ ನೋಡುವುದಂತೂ ದೂರದ ಮಾತು. ಮಾತು ಅಲ್ಲಿಗೇ ಮುಗಿಯಲೆಂದು ನಾನೇ, ನನ್ನ ಬದಲಿಗೆ ಒಂದು ಚೀಲ ಇಟ್ಟು ನೋಡಿರಿ, ಎಂದೆ.

ಶರಣು ಸೌಜನ್ಯದಿಂದ ಐವತ್ತು ಕಿಲೋದ ಚೀಲ ಸಾಕು ಎಂದ. ಖಾಜಾ ಮಾತಾಡದೆ ಇನ್ನೊಂದು ಹತ್ತು ಕಿಲೋ ತಂದು ಅದರ ಮೇಲಿಟ್ಟ. ಅವನ ಧೈರ್ಯ ಅಲ್ಲಿಗೆ ಮುಗಿಯಿತು. ಚೀಲಕ್ಕೆ ಬೆಲ್ಟು ಬಿಗಿದು, ನನ್ನ ಹೆಲ್ಮೆಟ್ಟನ್ನೇ ಮೇಲೆ ಕೂರಿಸಿದರು. ಆ ವಾರವಿಡೀ "ಅಕ್ಕಾರನ್ನ ಇಳಸ್ರಿ", "ಅಕ್ಕಾರಿಗೆ ನೆರಳು ಮಾಡ್ರಿ" ಎಂದು ಚೀಲವನ್ನು ಉಪಚರಿಸುವ ತಮಾಷೆ ನಡೆಯಿತು. ನಾನೂ ನಗುತ್ತ ಅದರ ಅಳತೆ ಬರೆದುಕೊಂಡೆ. ಅದು ನನಗಿಂತ ಎಷ್ಟೋ ಹಗುರ, ನನ್ನ ತೆಳ್ಳನೆಯ ತಂಗಿ ಎಂದು ನನಗೊಬ್ಬಳಿಗೇ ಗೊತ್ತಿತ್ತು.

ದೇವದುರ್ಗದ ಹತ್ತಿರ ಕಲ್ಲುಗುಡ್ಡದ ಬುಡದಲ್ಲಿ ಓಡಿಸಿ ನೋಡಿದೆವು. ನಾನು ಕೂತು ಹೊರಟೆ. ಮೊದಲ ಕಲ್ಲಿಗೇ ಗಾಡಿಯ ಹೊಟ್ಟೆ ಧಡ್ ಎಂದು ಬಡಿಯಿತು. ಆಮೇಲೆ ಪ್ರತಿ ಕಲ್ಲಿಗೂ ಅದೇ. ಖಾಜಾ ಗಾಡಿಯ ಕೆಳಗೆ ನುಸುಳಿ ನೋಡಿದ, ಸ್ಪ್ರಿಂಗುಗಳು ಸರಿಯಿದ್ದವು. ನೋಡೋಣ ಎಂದು ಕಡ್ಡಿಯಂಥ ಶರಣು ತಾನೇ ಕೂತು ಅದೇ ದಾರಿಯಲ್ಲಿ ಓಡಿಸಿದ. ಒಂದು ಸದ್ದೂ ಇಲ್ಲ.

ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಒಬ್ಬ ಮೊಬೈಲು ತೆಗೆದ. ಒಬ್ಬ ಹುಟ್ಟಿದಾಗಿನಿಂದ ಪಾಪಾಸುಕಳ್ಳಿಯನ್ನೇ ಕಾಣದವನಂತೆ ಅದನ್ನು ನೋಡತೊಡಗಿದ. ಅವರು ನನ್ನನ್ನು ನೋಡಿ ನಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ. ಅವರು ಮುಖ ತಿರುಗಿಸಿದರು.

ಶರಣು ಇಳಿದು ಬಂದು ನೆಲ ನೋಡುತ್ತ ಹೇಳಿದ: "ಅಕ್ಕಾ, ಮುಂಜಾನಿಂದ ಬಿಸಲಾಗ ದಣದೀರಿ. ಸ್ಪರ್ಧಾದಾಗ ನಾನ ಓಡಸ್ತೀನಿ ಬಿಡ್ರಿ."

ಇಷ್ಟು ಮೆತ್ತಗೆ ಯಾರೂ ಯಾರ ಸೀಟನ್ನೂ ಕಸಿದಿರಲಿಕ್ಕಿಲ್ಲ. ನಾನು ಹೂಂ ಎಂದೆ. ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಮಾನ್ವಿಗೆ ಮರಳುವಾಗ ಎಲ್ಲರೂ ಹವಾಮಾನದ ಬಗ್ಗೆಯೇ ಮಾತಾಡಿದರು. ನಾನು ಹೆಲ್ಮೆಟ್ಟನ್ನು ಮಡಿಲಲ್ಲಿ ಹಿಡಿದು ಕೂತಿದ್ದೆ. ಅದರೊಳಗೆ ಇನ್ನೂ ಅಕ್ಕಿಯ ಧೂಳಿತ್ತು. ಸೀಟು ಬೇಕಾದರೆ ಆ ಅಂಕಿ ಹೇಳಲೇಬೇಕು, ಹೇಳುವ ಬದಲು ಸೀಟು ಬಿಡುವುದೇ ಸುಖ ಎಂದು ಸಿರವಾರದವರೆಗೂ ಅನಿಸುತ್ತಿತ್ತು. ಸಿರವಾರ ದಾಟಿದ ಮೇಲೆ, ನನ್ನ ಜಾಗದಲ್ಲಿ ಕೂತಿದ್ದ ಚೀಲದ ಆ ಧೂಳಿನ ಮೇಲೆ ಸಿಟ್ಟು ಬಂತು.

ಗಿರಣಿ ಮುಟ್ಟಿದಾಗ ಯಂತ್ರ ಓಡುತ್ತಿತ್ತು. ಕಾಟಾದ ಮೇಲಿದ್ದ ಚೀಲ ಇಳಿಸಲು ಹೇಳಿ, ಚಪ್ಪಲಿ ಬಿಟ್ಟು ಹತ್ತಿದೆ. ಮಾವ ಎದುರಿಗೇ ಇದ್ದರು. ಅಂಕಿಯನ್ನು ನೋಡಿದರು, ಬಾಯಿ ತೆರೆದರು, ಮುಚ್ಚಿದರು, ಕನ್ನಡಕ ತೆಗೆದು ಒರೆಸತೊಡಗಿದರು. ನನಗಾಗಿ ಮಾವನೂ ಸುಮ್ಮನಿರುವುದನ್ನು ಕಲಿತಿದ್ದರು. ಬಾಲ್ಯದ ಆ ಕೂಗಿಗಿಂತ ಇದು ಹೆಚ್ಚು ಚುಚ್ಚಿತು.

"ಖಾಜಾ, ಎಂಬತ್ತೊಂಬತ್ತು" ಎಂದೆ.

"ಏನ್ರಿ?" ಯಂತ್ರದ ಸದ್ದಿನಲ್ಲಿ ಅವನಿಗೆ ಕೇಳಿಸಿರಲಿಲ್ಲ.

ಇಡೀ ಗಿರಣಿಗೆ ಕೇಳುವಂತೆ ಕೂಗಬೇಕಾಯಿತು. ಹಮಾಲರು ತಿರುಗಿ ನೋಡಿದರು. ಖಾಜಾ ಮನಸ್ಸಿನಲ್ಲೇ ಕಳೆದು, ಕೂಡಿ, ಸಿಟ್ಟಿಗೆದ್ದ. "ಇಪ್ಪತ್ತೊಂಬತ್ತು ಕಿಲೋ ಫರಕ್ ಅದಲ್ರಿ ಅಕ್ಕಾ. ಅವತ್ತ ಹೇಳಿದ್ರ ನಾ ವಾರಪೂರ್ತಿ ಗಾಡಿ ಬುಡಕ ಬೀಳ್ತಿದ್ದಿಲ್ಲ. ಆ ಚೀಲ ಎತ್ತಿ ಎತ್ತಿ ನನ್ನ ಟೊಂಕ ಹೋಗ್ಯದ. ಬರ್ರಿ, ಕುಂದರ್ರಿ."

ಕೂತೆ. ಗಾಡಿ ಇಳಿಯಿತು. ಅವನು ಮುಖ ತಿರುಗಿಸದೆ, ನನ್ನನ್ನೂ ಟೇಪನ್ನೂ ನೇರವಾಗಿ ನೋಡುತ್ತ ಅಳೆದ, ರಿಂಗು ತಿರುಗಿಸಿದ, ಮತ್ತೆ ಅಳೆದ. ನಾಚಿಕೆಯಿಂದ ನನ್ನ ಬೆನ್ನು ತೊಯ್ದಿತ್ತು. ಮರುದಿನ ಅದೇ ಕಲ್ಲುಗಳ ಮೇಲೆ ನಾನೇ ಓಡಿಸಿದೆ. ಹೊಟ್ಟೆ ಬಡಿಯಲಿಲ್ಲ. ಶರಣು ಸೀಟಿನ ಮಾತನ್ನು ಮತ್ತೆ ಎತ್ತಲಿಲ್ಲ. ಸ್ಪರ್ಧೆಯಲ್ಲಿ ಗೆದ್ದಿರಾ ಎಂದು ನೀವು ಕೇಳಬಹುದು. ಇಲ್ಲ, ನಡುವೆಯೇ ಚೈನು ಹರಿಯಿತು. ಅದಕ್ಕೆ ನನ್ನ ತೂಕ ಕಾರಣವಲ್ಲ ಎಂದು ಖಾಜಾ, ಯಾರೂ ಕೇಳದಿದ್ದರೂ, ಸಿಕ್ಕವರಿಗೆಲ್ಲ ಹೇಳುತ್ತ ಬಂದ. ಆಗ ನೆಲ ಬಾಯಿ ಬಿಡಬಾರದೇ ಅನಿಸಿತ್ತು.

ಮೊನ್ನೆ ಅಂಗಡಿಯಲ್ಲಿ ಕುರ್ಚಿಯ ಪಕ್ಕದಲ್ಲೇ ಕಾಟಾ ಇತ್ತು, ಖಾಲಿ. ಎಣ್ಣೆಯ ಪ್ಯಾಕೆಟ್ಟನ್ನು ಚೀಲದ ಮಡಿಲಲ್ಲಿಟ್ಟು ನಾನು ಹತ್ತಿದೆ. ಅಂಗಡಿಯವರು ಮರ್ಯಾದೆಯಿಂದ ಕಪಾಟಿನ ಕಡೆ ತಿರುಗಿ ಡಬ್ಬಿಗಳನ್ನು ಸರಿಪಡಿಸತೊಡಗಿದರು.

"ನೋಡಿ ಹೇಳ್ರಿ" ಎಂದೆ.

ಅವರು ತಿರುಗಿ, ನೋಡಿ, ಗಲ್ಲಾಪೆಟ್ಟಿಗೆಯ ಮೇಲೆ ಬಾಗಿ ನನಗೊಬ್ಬಳಿಗೇ ಕೇಳುವಂತೆ ಹೇಳಿದರು. ಜೋರಾಗಿ ಹೇಳಿ ಎನ್ನಬೇಕೆಂದು ಬಾಯಿ ತೆರೆದೆ. ಹಿಂದೆ ಇಬ್ಬರು ಗಿರಾಕಿಗಳು ನಿಂತಿದ್ದರು. ಬಾಯಿ ಮುಚ್ಚಿ, ಎಣ್ಣೆ ತೆಗೆದುಕೊಂಡು ಇಳಿದು ಬಂದೆ.