ಚಪ್ಪಲಿ ನೋಡಿ ಕಾಯಿಲೆ ಹೇಳುವವನು

ಆಸ್ಪತ್ರೆಯ ಮುಂಬಾಗಿಲಿನ ಮೇಜಿನ ಹಿಂದೆ ಕೂರುವ ಆ ಮನುಷ್ಯನನ್ನು ಒಳಗಿನವರೆಲ್ಲ ಪಾದಪಂಡಿತ ಎಂದು ಕರೆಯುತ್ತಿದ್ದರು. ಅವರು ಇಟ್ಟದ್ದು ಅಣಕಕ್ಕೆ. ಅವನು ತೊಟ್ಟುಕೊಂಡದ್ದು ಬಿರುದೆಂದು.

ಬಂದವರ ಬಾಧೆಯನ್ನು ಕೇಳಿ, ಯಾವ ವೈದ್ಯರ ಬಾಗಿಲಿಗೆ ಕಳುಹಿಸಬೇಕೆಂದು ತೀರ್ಮಾನಿಸುವುದು ಅವನ ಕೆಲಸ. ಕೇಳುವ ತೊಂದರೆಯನ್ನು ಅವನು ಎಂದೋ ಬಿಟ್ಟಿದ್ದ. ತಲೆಯೆತ್ತದೆ ಮೇಜಿನ ಅಂಚಿನಿಂದ ನೆಲದತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ರೋಗ ಅಲ್ಲಿಯೇ ನಿಂತಿರುತ್ತಿತ್ತು. ಮಿರುಗುವ ಬೂಟಾದರೆ ಹೃದಯ. ಬಲಗಡೆಯ ಮೆತ್ತನೆಯ ಕುರ್ಚಿ. ಎತ್ತರದ ಹಿಮ್ಮಡಿಯ ಚಪ್ಪಲಿಯಾದರೆ ನರದೌರ್ಬಲ್ಯ, ಅದಕ್ಕೂ ಕುರ್ಚಿಯೇ. ಸವೆದ ರಬ್ಬರ್ ಚಪ್ಪಲಿಯಾದರೆ ಗ್ಯಾಸು. ಮೆಟ್ಟಿಲ ಕೆಳಗಿನ ಮರದ ಬೆಂಚು. ಬಾರು ಕಿತ್ತಲ್ಲಿ ಪಿನ್ನು ಚುಚ್ಚಿದ ಚಪ್ಪಲಿಯಾದರೆ ಕಾಯಿಲೆಯೇ ಅಲ್ಲ, ಕೆಲಸಗಳ್ಳತನ. ಬೆಂಚಿನಲ್ಲಿಯೂ ಆ ತುದಿ.

ಈ ವಿದ್ಯೆಯನ್ನು ಅವನು ಹುಟ್ಟುವಾಗ ಹೊತ್ತು ತಂದಿರಲಿಲ್ಲ. ಆಸ್ಪತ್ರೆಗೆ ಸೇರುವ ಮೊದಲು ಅರ್ಧ ಯೌವನವನ್ನು ಪಾದರಕ್ಷೆಗಳ ಅಂಗಡಿಯೊಂದರಲ್ಲಿ ಕಂಡವರ ಕಾಲ ಬಳಿ ಮಂಡಿಯೂರಿ ಕಳೆದಿದ್ದ. ಗಿರಾಕಿಗಳು ಅವನ ನೆತ್ತಿಯನ್ನು ಬಲ್ಲರೇ ಹೊರತು ಮುಖವನ್ನಲ್ಲ. “ಮುಖ ನೋಡಬೇಡ, ಹಳೇ ಚಪ್ಪಲಿ ನೋಡು. ಜೇಬು ತಾನಾಗೇ ಗೊತ್ತಾಗುತ್ತೆ,” ಎಂಬುದು ಯಜಮಾನನ ಉಪದೇಶ. ಪೆಟ್ಟು ತಿಂದವನು ಮತ್ತೊಬ್ಬನಿಗೆ ಕೈಯೆತ್ತುವುದಿಲ್ಲವೆಂದು ಒಳ್ಳೆಯವರು ನಂಬುತ್ತಾರೆ. ನಂಬಲಿ. ಇವನಿಗಿದ್ದ ಯೋಚನೆ, ಕೋಲು ತನ್ನ ಕೈಗೆ ಬರುವುದು ಯಾವಾಗ ಎಂಬುದೊಂದೇ.

ತಂದೆತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ. ಲಾಂಡ್ರಿಯ ಇಸ್ತ್ರಿ ಮೇಜಿನ ಮುಂದೆ ನಿಂತು, ಊರವರ ಅಂಗಿಗಳ ಸುಕ್ಕನ್ನೆಲ್ಲ ತನ್ನ ಮುಖಕ್ಕೆ ಇಳಿಸಿಕೊಂಡು, ತಮ್ಮನ ಅಂಗಿಯ ಕಾಲರು ಮಾತ್ರ ಎಂದೂ ಬಾಗದಂತೆ ನೋಡಿಕೊಂಡವಳು. ಅವಳ ನಾಲಿಗೆಗೂ ಇಸ್ತ್ರಿಪೆಟ್ಟಿಗೆಗೂ ಕಾವು ಒಂದೇ. ಆ ಅಕ್ಕನಿಗೆ ಕೆಲವು ದಿನಗಳಿಂದ ಉಸಿರು ಕಟ್ಟುತ್ತಿತ್ತು. ದಿಂಬಿನ ಮೇಲೆ ದಿಂಬು ಏರಿಸದೆ ಮಲಗಲಾಗುತ್ತಿರಲಿಲ್ಲ.

“ಗ್ಯಾಸು ಕಣಕ್ಕ,” ಎಂದ ತಮ್ಮ.

“ಗ್ಯಾಸಿಗೆ ದವಡೇನೂ ನೋಯುತ್ತೇನೋ, ಮರಿ?”

ಅವಳ ತುಟಿಯ ಬಣ್ಣ ಕಂಡು ಅವನಿಗೂ ಒಳಗೊಳಗೇ ಅಳುಕಾಯಿತು. ಇದ್ದವಳು ಅವಳೊಬ್ಬಳೇ. ಮರುಸಂಜೆ ಒಂದು ಪೆಟ್ಟಿಗೆ ತಂದು ಅವಳ ಮುಂದಿಟ್ಟ. ಒಳಗೆ ಕಂದು ಬಣ್ಣದ, ಹಿತ್ತಾಳೆಯ ಬಕಲಿನ ಹೊಸ ಬೂಟು.

“ನಾಳೆ ನಮ್ಮ ಆಸ್ಪತ್ರೆಗೆ ಬಾ. ಹೃದಯದ ಡಾಕ್ಟ್ರಿಗೇ ತೋರಿಸ್ತೀನಿ. ಆದ್ರೆ ಆ ರಬ್ಬರ್ ಚಪ್ಪಲೀಲಿ ಬರಬೇಡ.”

“ಯಾಕೋ, ನಿಮ್ಮ ಡಾಕ್ಟ್ರು ಬಂದವರ ಕಾಲಿಗೆ ಬೀಳ್ತಾರಾ?”

“ನಿಂಗೆ ಗೊತ್ತಾಗಲ್ಲ, ಸುಮ್ನೆ ಹಾಕ್ಕೊ.”

ಅಕ್ಕ ಪಾದ ತೂರಿಸಿ ನೋಡಿದಳು. ಅದು ಅರ್ಧಕ್ಕೇ ನಿಂತಿತು. “ಬಿಗಿ ಕಣೋ. ಒಳಗೇ ಹೋಗ್ತಿಲ್ಲ.”

“ಕಣ್ಣಳತೇಲಿ ತಂದಿದ್ದೀನಿ. ನನ್ನ ಅಳತೆ ಇವತ್ತಿನವರೆಗೂ ತಪ್ಪಿಲ್ಲ, ನಿನ್ನ ಕಾಲೇ ತಪ್ಪು. ಹೊಸದು, ಸಡಿಲ ಆಗುತ್ತೆ.” ಬಾಗಿಲ ಬಳಿ ಹೋದವನು ತಿರುಗಿದ. “ಇನ್ನೊಂದು ಮಾತು. ಅಲ್ಲಿ ನನ್ನ ಮರಿ ಗಿರಿ ಅಂತ ಕರೀಬೇಡ.”

“ಪಂಡಿತರೇ, ತಮ್ಮ ಮೂಗು ಒರೆಸಿದ್ದು ನಾನೇ ಅಂತ ಹೇಳ್ಬಹುದೋ?”

ಅವನು ಬಾಗಿಲೆಳೆದುಕೊಂಡು ಹೋದ. ಅಳತೆ ತಪ್ಪಿದ್ದಲ್ಲ, ಪಾದ ಊದಿಕೊಂಡದ್ದು ಎಂಬುದು ಕಂಡವರ ಕಾಲ ಬಳಿಯೇ ಬಾಳಿದ ಆ ಪಂಡಿತನಿಗೆ ಹೊಳೆಯಲಿಲ್ಲ. ದೀಪದ ಬುಡಕ್ಕೆ ಬೆಳಕು ಬಿದ್ದ ಉದಾಹರಣೆಯಿಲ್ಲ.

ಮರುದಿನ ಆಸ್ಪತ್ರೆಯ ಮೇಲ್ಮಹಡಿಯಲ್ಲಿ ಒಂದು ಸಭೆಯಿತ್ತು. ರೋಗಿಗಳನ್ನೂ ಸಹೋದ್ಯೋಗಿಗಳನ್ನೂ ಭೇದವಿಲ್ಲದೆ ಕಾಣುವುದು ಹೇಗೆಂದು ಬೋಧಿಸಲು ಆಡಳಿತದವರು ಒಬ್ಬ ಉಪನ್ಯಾಸಕನನ್ನು ಕರೆಸಿದ್ದರು. ಅವನ ಬೂಟು ಎಷ್ಟು ಹೊಳೆಯುತ್ತಿತ್ತೆಂದರೆ ಪಾದಪಂಡಿತನಿಗೆ ಅವನು ಬಾಯಿ ತೆರೆಯುವ ಮೊದಲೇ ಗೌರವ ಮೂಡಿತು.

“ನಮ್ಮೆಲ್ಲರ ಒಳಗೂ ನಮಗೇ ತಿಳಿಯದ ಪಕ್ಷಪಾತ ಇದೆ,” ಎಂದ ಉಪನ್ಯಾಸಕ. ಗಂಟಲು ಒಣಗಿತು. ಮುಂದಿನ ಸಾಲಿನಲ್ಲಿ ಕ್ಯಾನ್ವಾಸ್ ಬೂಟು ತೊಟ್ಟು ಕೂತಿದ್ದ ಕೃಶಕಾಯದ ಹುಡುಗಿಯತ್ತ ಬೆರಳು ಆಡಿಸಿದ. “ಏನಮ್ಮಾ, ಸ್ವಲ್ಪ ನೀರು ತಗೊಂಡು ಬಾ.”

ಅವಳು ತಂದುಕೊಟ್ಟಳು. “ತಗೊಳ್ಳಿ. ಎದೆ ನೋವು ಬಂದ್ರೂ ನನ್ನನ್ನೇ ಕರೀರಿ. ಇಲ್ಲಿನ ಹೃದಯದ ಡಾಕ್ಟ್ರು ನಾನೇ.”

ಸಭೆ ನಕ್ಕಿತು. ಉಪನ್ಯಾಸಕ ಎಲ್ಲರಿಗಿಂತ ಜೋರಾಗಿ ನಕ್ಕು, ನೀರು ಕುಡಿದು, ಪಕ್ಷಪಾತದ ಉದಾಹರಣೆಗಳನ್ನು ಬೇರೆ ಊರುಗಳಲ್ಲಿ ಹುಡುಕತೊಡಗಿದ. ಪಾದಪಂಡಿತ ಮಾತ್ರ ನಗಲಿಲ್ಲ. ಆ ವೈದ್ಯೆ ಕೆಲಸಕ್ಕೆ ಬಂದ ಮೊದಲ ದಿನ ಅವಳ ಕ್ಯಾನ್ವಾಸ್ ಕಂಡು, “ಕಾಲು ಉಳುಕಿದ್ದಾ? ಬೆಂಚು,” ಎಂದವನು ಅವನೇ.

ಬಳಿಕ ಉಪನ್ಯಾಸಕ ಪರದೆಯ ಮೇಲೆ ಬಗೆಬಗೆಯ ಮುಖಗಳನ್ನು ತೋರಿಸಿ, ಯಾರನ್ನು ಕಂಡರೆ ಏನನ್ನಿಸುತ್ತದೆಂದು ಒಬ್ಬೊಬ್ಬರನ್ನೇ ಕೇಳಿದ. ಎಲ್ಲರೂ ತಡವರಿಸಿದರು. ಪಾದಪಂಡಿತನ ಸರದಿ ಬಂದಾಗ ಅವನು ಎದೆಯುಬ್ಬಿಸಿ ನಿಂತ.

“ಸಾರ್, ನಾನು ಯಾರ ಮುಖಾನೂ ನೋಡೋದೇ ಇಲ್ಲ.”

ಅದು ಅಕ್ಷರಶಃ ಸತ್ಯವಾಗಿತ್ತು. ಉಪನ್ಯಾಸಕನ ಕಣ್ಣುಗಳು ತೇವಗೊಂಡವು. “ಬಣ್ಣ ನೋಡಲ್ಲ, ಮುಖ ನೋಡಲ್ಲ! ಇವರನ್ನ ನೋಡಿ ಕಲೀರಿ!” ಎಂದು ‘ಸಮದೃಷ್ಟಿ’ ಎಂದು ಕೆತ್ತಿದ ಗಾಜಿನ ಫಲಕವನ್ನು ಅವನಿಗೇ ಕೊಟ್ಟುಬಿಟ್ಟ. ವೈದ್ಯೆ ಚಪ್ಪಾಳೆ ತಟ್ಟಲಿಲ್ಲ.

ಕೆಳಗಿಳಿದು ಬಂದವನು ಫಲಕವನ್ನು ಮೇಜಿನ ಮೇಲೆ, ಬರುವವರೆಲ್ಲ ಓದುವಂತೆ ನಿಲ್ಲಿಸಿದ. ಅದರ ಮೇಲಿನ ಬೆರಳಿನ ಗುರುತನ್ನು ಕರವಸ್ತ್ರದಿಂದ ಉಜ್ಜುತ್ತ, ಕಿರುಗಣ್ಣಿನಿಂದ ಬಾಗಿಲ ಹೊಸ್ತಿಲನ್ನು ಕಾಯುತ್ತ ಕೂತ. ಹಿತ್ತಾಳೆಯ ಬಕಲಿನ ಕಂದು ಬೂಟು ಬರಬೇಕಿತ್ತು.

ಬಂದದ್ದು ಸವೆದ ರಬ್ಬರ್ ಚಪ್ಪಲಿ. ಎಷ್ಟು ತಳ್ಳಿದರೂ ಹೊಸ ಬೂಟಿನೊಳಗೆ ಇಳಿಯದ ಪಾದಗಳನ್ನು ಹಳೆಯ ಚಪ್ಪಲಿಗೇ ಒಪ್ಪಿಸಿ, ಬೂಟನ್ನು ಕೈಚೀಲದಲ್ಲಿ ಹಾಕಿಕೊಂಡು ಅಕ್ಕ ಬಂದಿದ್ದಳು. ಬಸ್ಸಿಳಿದು ನಡೆದದ್ದಕ್ಕೇ ದಮ್ಮು ಹತ್ತಿ, ದನಿ ಒಡೆದು, ಅವಳ ಮಾತು ಅವಳದೇ ಅನ್ನಿಸುತ್ತಿರಲಿಲ್ಲ.

“ನಾನು…” ಎಂದಳು. ಮುಂದಕ್ಕೆ ಉಸಿರು ಸಾಲಲಿಲ್ಲ.

“ಎಲ್ಲರೂ ‘ನಾನು’ ಅಂತಾನೇ ಬರೋದಮ್ಮ,” ಎಂದ ತಮ್ಮ, ಗಾಜು ಉಜ್ಜುತ್ತ. “ಗ್ಯಾಸು. ಆ ಬೆಂಚಲ್ಲಿ ಕೂತ್ಕೊಳ್ಳಿ, ಕರೀತಾರೆ.”

ಅಕ್ಕ ಕ್ಷಣಕಾಲ ನಿಂತಳು. ಮರಿ ಎಂದು ಕರೆಯಕೂಡದೆಂದು ಅಪ್ಪಣೆಯಾಗಿತ್ತು. ಕರೆಯಲು ಉಸಿರೂ ಇರಲಿಲ್ಲ. ಎರಡಕ್ಕೂ ಮಿಗಿಲಾಗಿ ಅವಳಿಗೊಂದು ಹಟವಿತ್ತು. ಒಡಹುಟ್ಟಿದವನು ತಾನಾಗಿ ತಲೆಯೆತ್ತದೆ ಹೋದರೆ ತಾನೇಕೆ ಎತ್ತಿಸಬೇಕು? ಹೋಗಿ ಬೆಂಚಿನ ಮೇಲೆ ಕುಳಿತಳು.

ಪಾದಪಂಡಿತ ಕಾಯುತ್ತಲೇ ಇದ್ದ. ಅಕ್ಕ ಬಾರದ್ದಕ್ಕೆ ಅವನಿಗೆ ಕಳವಳ, ಕಳವಳಕ್ಕೆ ಸಿಟ್ಟು. ಹೇಳಿದ ಹೊತ್ತಿಗೆ ಬರುವ ಬುದ್ಧಿ ಈ ಜನಕ್ಕೆ ಎಂದು ಬಂದೀತು! ಅಷ್ಟರಲ್ಲಿ ಹೊಸ್ತಿಲ ಮೇಲೆ ಹಿತ್ತಾಳೆಯ ಬಕಲು ಮಿಂಚಿತು. ಅವನು ಕುರ್ಚಿ ಹಿಂದಕ್ಕೆ ದೂಡಿ ಎದ್ದು, ಎರಡೂ ಕೈ ಚಾಚಿ ಓಡಿದ.

“ಬಾ ಅಕ್ಕಾ, ಬಾ! ಎಷ್ಟು ಹೊತ್ತು ಕಾಯೋದು!”

“ಯಾರ್ರೀ ನಿಮ್ಮಕ್ಕ?” ಎಂದು ಆ ಅಪರಿಚಿತ ಹೆಂಗಸು ಗದರಿದಳು. “ನನಗೆ ಒಬ್ಬ ತಮ್ಮ ಇದ್ದಾನೆ, ಅವನೇ ಸಾಕಾಗಿದ್ದಾನೆ.”

ಬೆಂಚಿನ ಮೇಲಿದ್ದವಳು ಇದೆಲ್ಲವನ್ನೂ ನೋಡುತ್ತಿದ್ದಳು. ನಗು ಬಂತು, ನಗಲು ಹೋದಾಗ ಉಸಿರು ಸಿಕ್ಕಲಿಲ್ಲ. ತಲೆ ಗೋಡೆಗೆ ವಾಲಿತು.

ಸಭೆ ಮುಗಿಸಿ ಮೆಟ್ಟಿಲಿಳಿಯುತ್ತಿದ್ದ ವೈದ್ಯೆಯ ಕಣ್ಣಿಗೆ ಮೊದಲು ಬಿದ್ದದ್ದೂ ಕಾಲುಗಳೇ. ಆದರೆ ಅವಳು ಚಪ್ಪಲಿಯಲ್ಲಿ ನಿಲ್ಲಲಿಲ್ಲ. ಬೆಂಚಿನ ಮುಂದೆ ನೆಲಕ್ಕೆ ಮಂಡಿಯೂರಿ, ಊದಿದ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು. ಹಿಟ್ಟಿನಲ್ಲಿ ಒತ್ತಿದಂತೆ ಕುಳಿ ಬಿದ್ದು ಹಾಗೆಯೇ ಉಳಿಯಿತು. ಮುಖ ನೋಡಿದಳು, ತುಟಿ ನೋಡಿದಳು.

“ಗಾಲಿಕುರ್ಚಿ! ಆಮ್ಲಜನಕ ತನ್ನಿ! ಇವರನ್ನ ಇಲ್ಲಿ ಕೂರಿಸಿದ್ದು ಯಾರು?”

ಗಡಿಬಿಡಿಯಲ್ಲಿ ಕೈಚೀಲ ಉರುಳಿತು. ಹಿತ್ತಾಳೆಯ ಬಕಲಿನ ಕಂದು ಬೂಟುಗಳು ನೆಲದ ಮೇಲೆ ಜಾರಿ ಮೇಜಿನ ಬಳಿ ಬಂದು ನಿಂತವು. ಪಾದಪಂಡಿತ ಮೊದಲು ಗುರುತಿಸಿದ್ದು ಬೂಟನ್ನು, ಆಮೇಲೆ ಅಕ್ಕನನ್ನು.

“ಅಕ್ಕಾ!” ಎಂದು ಅವನು ಕೂಗಿದಾಗ ಗಾಲಿಕುರ್ಚಿ ಆಗಲೇ ತಿರುವು ದಾಟಿತ್ತು. ಬೂಟುಗಳನ್ನು ಎದೆಗವಚಿ ಹಿಂದೆ ಓಡಿದ. ಮುಚ್ಚಿದ ಬಾಗಿಲ ಹೊರಗೆ ಅವನನ್ನು ತಡೆದ ಜವಾನ ಅವನ ಕೈಯಲ್ಲಿದ್ದುದನ್ನು ನೋಡಿ, “ಇವು ಯಾವ ಕಾಯಿಲೆಯವು ಪಂಡಿತರೇ?” ಎಂದು ಕೇಳಿದ.

ಅಕ್ಕ ಉಳಿದಳು. ಹೃದಯ ಸೋತಿತ್ತು, ಮೈಯಲ್ಲಿ ನೀರು ತುಂಬಿತ್ತು. ಇನ್ನು ಸ್ವಲ್ಪ ಹೊತ್ತು ಬೆಂಚಿನ ಮೇಲೆ ಬಿಟ್ಟಿದ್ದರೆ ತನ್ನಿಂದಲೂ ಏನೂ ಮಾಡಲಾಗುತ್ತಿರಲಿಲ್ಲವೆಂದು ವೈದ್ಯೆ ನಯದ ಲೇಪವಿಲ್ಲದೆ ಹೇಳಿದಳು. ತಮ್ಮ ಮಂಚದ ಪಕ್ಕ ತಲೆತಗ್ಗಿಸಿ ಕೂತ.

“ನೋಡ್ಲಿಲ್ಲ ಅಕ್ಕ. ತಪ್ಪಾಯ್ತು.”

“ಮುಖ ನೋಡೋದು ಹಾಗಿರ್ಲಿ ಕಣೋ,” ಎಂದಳು ಅಕ್ಕ. “ಕಾಲಾದ್ರೂ ನೋಡಿದ್ರೆ ಸಾಕಿತ್ತು. ನೀನು ನೋಡಿದ್ದು ಬರೀ ರಬ್ಬರು.”

ಅವಳು ಮನೆಗೆ ಹೊರಡುವ ದಿನ ಮೇಜಿನ ಮುಂದೆ ಎಂದಿನಂತೆ ಜನ ನಿಂತಿದ್ದರು. ಫಲಕ ಇನ್ನೂ ಮೇಜಿನ ಮೇಲೆಯೇ ಇತ್ತು. ತೆಗೆದರೆ ಉಪನ್ಯಾಸಕರ ಮನಸ್ಸಿಗೆ ನೋವಾದೀತೆಂದು ಆಡಳಿತದವರು ತೆಗೆಯಲು ಬಿಟ್ಟಿರಲಿಲ್ಲ. ಪಾದಪಂಡಿತ ಬಂದವರ ಬಾಧೆ ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದ. ಬಾಯಿ ಕೇಳುತ್ತಿತ್ತು, ಕಣ್ಣು ಹಳೆಯ ಎತ್ತಿನಂತೆ ನೆಲದ ದಾರಿಯನ್ನೇ ಹಿಡಿಯುತ್ತಿತ್ತು.

ಆ ನೆಲದ ಮೇಲೆ ಎರಡು ಬರಿಗಾಲುಗಳು ಬಂದು ನಿಂತವು. ಚಪ್ಪಲಿಯಿಲ್ಲ, ಬೂಟಿಲ್ಲ. ಒಡೆದ ಹಿಮ್ಮಡಿ, ಇಳಿದ ಊತ. ಅವನು ಗಲಿಬಿಲಿಗೊಂಡ. ಅವನ ಶಾಸ್ತ್ರದಲ್ಲಿ ಬರಿಗಾಲಿಗೆ ಕಾಯಿಲೆಯಿರಲಿಲ್ಲ, ಕುರ್ಚಿಯಿರಲಿಲ್ಲ, ಬೆಂಚೂ ಇರಲಿಲ್ಲ.

“ಈಗ ಹೇಳೋ ಮರಿ,” ಎಂದು ಮೇಲಿನಿಂದ ಒಂದು ದನಿ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, ಕೇಳಿತು. “ನನಗೇನು ಕಾಯಿಲೆ?”

ಬೇರೆ ದಾರಿಯಿರಲಿಲ್ಲ. ಅವನು ತಲೆಯೆತ್ತಿದ.